ಹೊಲದ ಜತೆ ಬಂಗಲೆಯೂ ಬರುತ್ತಿದೆಯೇ? ಪುಣೆ ಸುತ್ತ ಜಮೀನು ಕೊಳ್ಳುವ ಮುನ್ನ ನೋಡಬೇಕಾದ ಕಾಗದಗಳು

ಪೌಡ್ ರಸ್ತೆ ಹಿಡಿದು ಮುಳಶಿ ಕಡೆ ಹೋಗಿ, ಇಲ್ಲವೇ ಪಾನಶೇತ್, ಪವನಾ ಕಡೆ ಹೋಗಿ. ಬರೀ ಹೊಲ ತೋರಿಸುವವರು ಈಗ ಕಡಿಮೆ. ಹೊಲದ ನಡುವೆ ಹೆಂಚಿನ ಮನೆ, ಸುತ್ತ ಕಾಂಪೌಂಡು, ಒಂದು ಸಣ್ಣ ಈಜುಕೊಳ, ಗೇಟಿನ ಪಕ್ಕ ಹೆಸರು ಕೆತ್ತಿಸಲು ಖಾಲಿ ಕಲ್ಲು. ಎಲ್ಲ ರೆಡಿ. ವಾಕಡ್, ಹಿಂಜವಡಿ, ಕೋಥ್ರೂಡ್ ಕಡೆ ಇರುವ ನಮ್ಮವರಲ್ಲಿ ಇದಕ್ಕೆ ಮನಸೋಲುವವರು ತುಂಬ ಜನ. ಧಾರವಾಡ, ವಿಜಯಪುರ, ಕಲಬುರಗಿ ಕಡೆ ಹೊಲದಲ್ಲಿ ಓಡಾಡಿ ಬೆಳೆದವರಿಗೆ ಫ್ಲ್ಯಾಟಿನ ಬಾಲ್ಕನಿಯ ನಾಲ್ಕು ಕುಂಡ ಸಾಲುವುದಿಲ್ಲ, ಅಲ್ವಾ?

ಕೊಳ್ಳಬೇಡಿ ಎಂದು ನಾನು ಹೇಳುತ್ತಿಲ್ಲ. ಆದರೆ ಒಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಿ. ನೆಲದ ಕಾಗದ ಬೇರೆ, ಅದರ ಮೇಲೆ ಕಟ್ಟಿದ್ದರ ಕಾಗದ ಬೇರೆ. ಒಂದು ಸರಿ ಇದೆ ಎಂದ ಮಾತ್ರಕ್ಕೆ ಇನ್ನೊಂದು ಸರಿ ಆಗುವುದಿಲ್ಲ. ಕ್ರಯಪತ್ರ ರಿಜಿಸ್ಟರ್ ಆಯಿತು ಎಂದು ಅನಧಿಕೃತ ಮನೆ ಅಧಿಕೃತ ಆಗಿಬಿಡುವುದಿಲ್ಲ. ನೋಟಿಸು ಬರುವ ಹೆಸರು ಮಾತ್ರ ಬದಲಾಗುತ್ತದೆ. ಅದು ನಿಮ್ಮದಾಗಿರುತ್ತದೆ.

ಮೊದಲು: ನೀವು ಕೊಳ್ಳಬಹುದೇ?

ಕರ್ನಾಟಕದಲ್ಲಿ 2020ರ ತಿದ್ದುಪಡಿ ಬಂದ ಮೇಲೆ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಇಲ್ಲಿಯೂ ಹಾಗೇ ಇರಬೇಕು ಎಂದುಕೊಂಡು ಮುಂಗಡ ಕೊಡಲು ಹೊರಡುವವರಿದ್ದಾರೆ. ಮಹಾರಾಷ್ಟ್ರದಲ್ಲಿ 1948ರ ಕೂಳ್ ಕಾಯ್ದೆಯ, ಅಂದರೆ ಗೇಣಿ ಕಾಯ್ದೆಯ, 63ನೇ ಕಲಂ ಪ್ರಕಾರ ಕೃಷಿ ಜಮೀನು ಕೊಳ್ಳಬೇಕಾದರೆ ನೀವು ರೈತರಾಗಿರಬೇಕು. ಅಲ್ಲದಿದ್ದರೆ ಅನುಮತಿ ಬೇಕು. ಇದನ್ನು ಮೀರಿದ ವ್ಯವಹಾರವನ್ನು ಅಸಿಂಧು ಎಂದು ಘೋಷಿಸಿ ಜಮೀನನ್ನು ಸರಕಾರ ಪಡೆಯಲು ಅದೇ ಕಾಯ್ದೆಯಲ್ಲಿ ದಾರಿ ಇದೆ.

"ಊರಲ್ಲಿ ನಿಮ್ಮ ಹೆಸರಿಗೆ ಪಹಣಿ ಇದೆಯಲ್ಲ ಸಾರ್, ಅದೇ ಸಾಕು" ಎಂದು ಏಜೆಂಟ್ ಹೇಳಿದರೆ ಅಲ್ಲಿಗೇ ಬಿಡಬೇಡಿ. ಆ ಪಹಣಿ ಇಲ್ಲಿ ನಡೆಯುತ್ತದೆಯೇ ಎಂದು ಆ ತಾಲೂಕಿನ ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ. ನಿಮ್ಮದೇ ವಕೀಲರಿಂದ ಬರಹದಲ್ಲಿ ಅಭಿಪ್ರಾಯ ಪಡೆಯಿರಿ. ಮಾರುವವರು ಕರೆತಂದ ವಕೀಲರು ಬೇಡ. ಜತ್, ಅಕ್ಕಲಕೋಟೆ, ಸೋಲಾಪುರ ಕಡೆ ಹಿರಿಯರ ಜಮೀನಿನಲ್ಲಿ ನಿಮ್ಮ ಹೆಸರಿದ್ದರೆ ಕೆಲಸ ಸುಲಭ. ಅಲ್ಲಿನ ಜಮೀನಿನ ದಾಖಲೆ ಇದೇ ರಾಜ್ಯದ್ದು.

ಎರಡನೆಯದು: ಸಾತ್‌ಬಾರಾವನ್ನು ಕೆಳಗಿನಿಂದ ಓದಿ

ನಮ್ಮ ಪಹಣಿಗೆ ಇಲ್ಲಿ ಸಾತ್‌ಬಾರಾ. ಮಹಾಭೂಮಿ ಜಾಲತಾಣದಿಂದ ಡಿಜಿಟಲ್ ಸಹಿ ಇರುವ ಪ್ರತಿಯನ್ನು ನೀವೇ ತೆಗೆಯಿರಿ. ವಾಟ್ಸಪ್‌ನಲ್ಲಿ ಬಂದ ಫೋಟೊ ಲೆಕ್ಕಕ್ಕಿಲ್ಲ. ವಿಸ್ತೀರ್ಣ ಹೆಕ್ಟೇರ್ ಮತ್ತು ಆರ್‌ನಲ್ಲಿ ಇರುತ್ತದೆ. ಒಂದು ಆರ್ ಎಂದರೆ 100 ಚದರ ಮೀಟರ್, ಹೆಚ್ಚುಕಡಿಮೆ ನಮ್ಮ ಒಂದು ಗುಂಟೆ.

ಎಲ್ಲರೂ ಮೊದಲು ಮಾಲೀಕರ ಹೆಸರು ನೋಡುತ್ತಾರೆ. ನೀವು "ಇತರ ಅಧಿಕಾರ" ಎಂಬ ಕಾಲಂ ನೋಡಿ. ಜಮೀನಿನ ಜಾತಕ ಅಲ್ಲೇ ಇರುವುದು. ಬ್ಯಾಂಕಿನ ಬೋಜಾ ಅಂದರೆ ಸಾಲದ ಹೊರೆ, ಕೂಳ್ ಅಂದರೆ ಗೇಣಿದಾರನ ಹೆಸರು, ಪುನರ್ವಸತಿಗೆ ಮೀಸಲು ಎಂಬ ಷರಾ, ಖಾಸಗಿ ಅರಣ್ಯದ ಷರಾ, ಕೋರ್ಟಿನ ತಡೆ ಇಲ್ಲಿ ಕಾಣುತ್ತವೆ. ಗುಡ್ಡ ಕಡಿದು ಮಣ್ಣು, ಮುರುಮ್ ಸಾಗಿಸಿದ್ದಕ್ಕೆ ತಹಶೀಲ್ದಾರ್ ಹಾಕಿದ ದಂಡವೂ ಕೆಲವೊಮ್ಮೆ ಇಲ್ಲೇ ಬೋಜಾ ಆಗಿ ಕೂತಿರುತ್ತದೆ. ಅನುಮತಿ ಇಲ್ಲದೆ ತೆಗೆದ ಖನಿಜಕ್ಕೆ ಮಾರುಕಟ್ಟೆ ಬೆಲೆಯ 5 ಪಟ್ಟಿನವರೆಗೆ ದಂಡ ಹಾಕಬಹುದು. ಗುಡ್ಡದ ಬದಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಸಮ ಮಾಡಿಟ್ಟ ಪ್ಲಾಟುಗಳನ್ನು ನೋಡಿದಾಗ ಇದು ನೆನಪಿರಲಿ.

ಭೋಗವಟಾದಾರ್, ಅಂದರೆ ಹಿಡುವಳಿದಾರ, ವರ್ಗ 1 ಇದ್ದರೆ ಮಾರಾಟಕ್ಕೆ ಅಡ್ಡಿ ಕಡಿಮೆ. ವರ್ಗ 2 ಎಂದಿದ್ದರೆ ಸರಕಾರದ ಷರತ್ತು ಇದೆ, ಮಾರಲು ಮೊದಲೇ ಪರವಾನಗಿ ಬೇಕು. ವತನ್, ಇನಾಮು, ದೇವಸ್ಥಾನದ ಜಮೀನು, ಆದಿವಾಸಿ ಖಾತೆದಾರರ ಜಮೀನು ಇವುಗಳಿಗೆ ಬೇರೆ ಬೇರೆ ಕಟ್ಟುಗಳಿವೆ. ಇಂಥದ್ದು ಕಂಡರೆ, ನನ್ನ ಅಭಿಪ್ರಾಯ ಕೇಳಿದರೆ, ಬೇರೆ ಜಮೀನು ನೋಡಿ. ಭೋರ್, ಮಾವಳದಲ್ಲಿ ಹೊಲಕ್ಕೇನೂ ಬರ ಇಲ್ಲ.

ಸಾತ್‌ಬಾರಾದ ಜತೆ 8ಅ ಉತಾರಾ ಅಂದರೆ ಖಾತೆದಾರರ ಎಲ್ಲ ಜಮೀನಿನ ಪಟ್ಟಿ, ಹಳೆಯ ಫೇರ್‌ಫಾರ್‌ಗಳು ಅಂದರೆ ನಮ್ಮ ಮ್ಯುಟೇಷನ್ ನಕಲುಗಳು, 30 ವರ್ಷದ ನೋಂದಣಿಗಳ ಸರ್ಚ್ ರಿಪೋರ್ಟ್ ಬೇಕು. ತೀರಾ ಹಳೆಯ ಕಾಗದ ಮರಾಠಿಯ ಹಳೆಯ ಮೋಡಿ ಲಿಪಿಯಲ್ಲಿ ಇರಬಹುದು. ಓದಿಕೊಡುವವರು ಪುಣೆಯಲ್ಲಿ ಸಿಗುತ್ತಾರೆ, ಊಹೆ ಮಾಡಬೇಡಿ.

ಇಲ್ಲೇ ಇನ್ನೊಂದು ಜಾಲದ ವಿಷಯ. ತುಕಡೆಬಂದಿ ಕಾಯ್ದೆ ಜಮೀನನ್ನು ತೀರಾ ಸಣ್ಣ ತುಂಡು ಮಾಡುವುದನ್ನು ತಡೆಯುತ್ತದೆ. 2023ರ ಅಧಿಸೂಚನೆಯ ಪ್ರಕಾರ ಕನಿಷ್ಠ ತುಂಡು ಒಣ ಬೇಸಾಯದ ಜಮೀನಿಗೆ 20 ಗುಂಟೆ, ನೀರಾವರಿ ಜಮೀನಿಗೆ 10 ಗುಂಟೆ. ಹಾಗಾಗಿ ಹತ್ತಾರು ಜನರನ್ನು ಸೇರಿಸಿ 11 ಗುಂಟೆಯ ಒಂದೇ ಕ್ರಯಪತ್ರ ಮಾಡಿ, "ಇದು ನಿಮ್ಮ ಗುಂಟೆ, ಅದು ಅವರ ಗುಂಟೆ" ಎಂದು ಸುಣ್ಣದ ಗೆರೆ ಎಳೆದು ತೋರಿಸುವ ವ್ಯಾಪಾರ ನಡೆಯುತ್ತದೆ. ಸಾತ್‌ಬಾರಾದಲ್ಲಿ ಎಲ್ಲರ ಹೆಸರೂ ಸಾಮಾಯಿಕ್, ಅಂದರೆ ಜಂಟಿ. ನಿಮ್ಮ ಗುಂಟೆ ಯಾವುದು ಎನ್ನುವುದಕ್ಕೆ ಸುಣ್ಣದ ಗೆರೆ ಬಿಟ್ಟರೆ ಬೇರೆ ಆಧಾರ ಇಲ್ಲ. ಅಲ್ಲಿ ಮನೆ ಕಟ್ಟಲು ಪರವಾನಗಿ ಕೇಳಿದರೆ ಉಳಿದವರೆಲ್ಲರ ಸಹಿ ತನ್ನಿ ಎನ್ನುತ್ತಾರೆ. ನಗರ ಯೋಜನೆಯೊಳಗಿನ ಜಾಗಗಳಿಗೆ ಈ ಕಾಯ್ದೆ ಇತ್ತೀಚೆಗೆ ಸಡಿಲ ಆಗಿರುವುದು ನಿಜ. ಆದರೆ ಸಡಿಲ ಆಗಿರುವುದು ನಿಮ್ಮ ಗಟ್ ನಂಬರಿಗೆ, ಅಂದರೆ ನಮ್ಮ ಸರ್ವೆ ನಂಬರಿನಂಥದ್ದಕ್ಕೆ, ಅನ್ವಯ ಆಗುತ್ತದೆಯೇ ಎಂದು ತೋರಿಸಬೇಕಾದವರು ಮಾರುವವರು.

ಮೂರನೆಯದು: ಝೋನ್ ದಾಖಲೆ

ಹೊಲ ಯಾವ ವಲಯದಲ್ಲಿದೆ? ಕೃಷಿ ವಲಯವೇ, ವಸತಿ ವಲಯವೇ, ಗುಡ್ಡದ ವಲಯವೇ, ಹಸಿರು ವಲಯವೇ? ಇದಕ್ಕೆ ಝೋನ್ ದಾಖಲೆ ಮತ್ತು ಆ ಗಟ್ ನಂಬರ್ ತೋರಿಸುವ ನಕ್ಷೆಯ ತುಣುಕು ಬೇಕು. ಪುಣೆಯ ಸುತ್ತ ಇದನ್ನು ಹೆಚ್ಚಿನ ಕಡೆ ಕೊಡುವುದು ಪಿಎಂಆರ್‌ಡಿಎ, ಅಂದರೆ ಪುಣೆ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ. 2015ರಲ್ಲಿ ಬಂದ ಈ ಪ್ರಾಧಿಕಾರದ ವ್ಯಾಪ್ತಿಯಲ್ಲಿ ಮಾವಳ, ಮುಳಶಿ, ಹವೇಲಿ ಇವೆ. ಭೋರ್, ಖೇಡ್, ಶಿರೂರ್, ದೌಂಡ್, ಪುರಂದರ್, ವೆಲ್ಹೆ (ಈಗ ರಾಜಗಡ) ತಾಲೂಕುಗಳ ಭಾಗಗಳೂ ಇವೆ. ಅದರಾಚೆಯ ಹಳ್ಳಿಗಳಿಗೆ ಜಿಲ್ಲೆಯ ನಗರ ರಚನಾ ಕಚೇರಿ.

ದಾಖಲೆಯ ತಾರೀಖು ನೋಡಿ. ಪಿಎಂಆರ್‌ಡಿಎ 2021ರಲ್ಲಿ ಕರಡು ಅಭಿವೃದ್ಧಿ ಯೋಜನೆ ಪ್ರಕಟಿಸಿತು. ಆಕ್ಷೇಪಣೆ, ಕೋರ್ಟು ಎಲ್ಲ ಆಗಿ 2025ರಲ್ಲಿ ಸರಕಾರ ಅದನ್ನು ಕೈಬಿಟ್ಟಿತು. ಆ ಕರಡಿನ ಬಣ್ಣದ ನಕ್ಷೆಗಳು ಮಾತ್ರ ಏಜೆಂಟರ ಮೊಬೈಲಿನಲ್ಲಿ ಇನ್ನೂ ಓಡಾಡುತ್ತಿವೆ. ಹಳದಿ ಬಣ್ಣ ತೋರಿಸಿ "ವಸತಿ ವಲಯ ಆಗಿದೆ" ಎಂದರೆ ಇವತ್ತಿನ ತಾರೀಖಿನ, ಸಹಿ ಇರುವ ದಾಖಲೆ ಕೇಳಿ.

ಇದರ ಜತೆಗೇ ಭೂಸ್ವಾಧೀನವನ್ನೂ ವಿಚಾರಿಸಿ. ಪುಣೆ ರಿಂಗ್ ರೋಡು, ಪುರಂದರ್ ವಿಮಾನ ನಿಲ್ದಾಣ, ಎಂಐಡಿಸಿ ಅಂದರೆ ಸರಕಾರಿ ಕೈಗಾರಿಕಾ ಪ್ರದೇಶ ಇವುಗಳಿಗೆ ಹೋಗುವ ಗಟ್ ನಂಬರ್‌ಗಳ ಪಟ್ಟಿ ಪ್ರಾಂತ ಅಧಿಕಾರಿಯ, ಅಂದರೆ ಉಪವಿಭಾಗಾಧಿಕಾರಿಯ, ಕಚೇರಿಯಲ್ಲಿ ಗೊತ್ತಾಗುತ್ತದೆ. ದೇಹು ರೋಡ್ ಸುತ್ತ ಸೇನೆಯ ಮದ್ದುಗುಂಡು ಡಿಪೋದಿಂದಾಗಿ 2,000 ಗಜದ ರೆಡ್ ಝೋನ್ ಇದೆ. ಅಲ್ಲಿ ಕಟ್ಟಡಕ್ಕೆ ಅವಕಾಶ ಇಲ್ಲ.

ನಾಲ್ಕನೆಯದು: ಕಟ್ಟಡದ ಪರವಾನಗಿ

ಇಲ್ಲಿ ನಿಧಾನ ಮಾಡಿ. ಎಡವುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ.

"ಪರವಾನಗಿ ಇದೆಯಾ?" ಎಂದು ಕೇಳಿದರೆ ಮಾರುವವರು "ಇದೆ" ಎಂದೇ ಹೇಳುತ್ತಾರೆ. ತೋರಿಸಿ ಎಂದಾಗ ಒಂದು ಫೈಲು ಬಿಚ್ಚುತ್ತಾರೆ. ಅದರಲ್ಲಿ ಗ್ರಾಮ ಪಂಚಾಯಿತಿಯ ಘರ್‌ಪಟ್ಟಿ ಅಂದರೆ ಮನೆ ತೆರಿಗೆಯ ರಸೀದಿ, ಮನೆ ನಂಬರ್ ಇರುವ ನಮೂನೆ 8ರ ಉತಾರೆ, ಕರೆಂಟು ಬಿಲ್ಲು, ಸರಪಂಚರ ಸಹಿ ಇರುವ ನಾಹರಕತ್ ಅಂದರೆ ಆಕ್ಷೇಪಣೆ ಇಲ್ಲ ಎಂಬ ದಾಖಲೆ ಇರುತ್ತವೆ. ಫೈಲು ದಪ್ಪಗಿರುತ್ತದೆ. ಆದರೆ ಇದರಲ್ಲಿ ಒಂದೂ ಕಟ್ಟಡ ಪರವಾನಗಿ ಅಲ್ಲ. ಪಂಚಾಯಿತಿ ಇದ್ದ ಕಟ್ಟಡಕ್ಕೆ ತೆರಿಗೆ ಹಾಕುತ್ತದೆ, ಅದು ಸಕ್ರಮವೋ ಅಕ್ರಮವೋ ಎಂದು ತೀರ್ಪು ಕೊಡುವುದಿಲ್ಲ. ವಿದ್ಯುತ್ ಕಂಪನಿಯೂ ಅಷ್ಟೇ.

ಪಂಚಾಯಿತಿಯ ಮಾತು ನಡೆಯುವುದು ಮುಖ್ಯವಾಗಿ ಗಾವಠಾಣದೊಳಗೆ, ಅಂದರೆ ಹಳೆಯ ಊರಿನ ಎಲ್ಲೆಯೊಳಗೆ. ಹೊಲ ಇರುವುದು ಊರಾಚೆ. ಪಿಎಂಆರ್‌ಡಿಎ ವ್ಯಾಪ್ತಿಯಲ್ಲಾದರೆ ಅಲ್ಲಿ ಪರವಾನಗಿ ಕೊಡುವುದು ಪಿಎಂಆರ್‌ಡಿಎ. ಅದರಾಚೆ ಕಲೆಕ್ಟರ್ ಕಚೇರಿಯ ದಾರಿ, ನಗರ ರಚನಾ ವಿಭಾಗದ ಅಭಿಪ್ರಾಯದೊಂದಿಗೆ. ಮುಂಬೈ ಬಿಟ್ಟು ರಾಜ್ಯದ ಹೆಚ್ಚಿನ ಭಾಗಕ್ಕೆ 2020ರಿಂದ ಯುಡಿಸಿಪಿಆರ್ ಎಂಬ ಒಂದೇ ಕಟ್ಟಡ ನಿಯಮಾವಳಿ ಇದೆ.

ನೀವು ಕೇಳಬೇಕಾದ್ದು ಇಷ್ಟು. ಮಂಜೂರಾದ ನಕ್ಷೆ, ಶಿಕ್ಕಾ ಮತ್ತು ಸಹಿ ಸಮೇತ. ಬಾಂಧಕಾಮ ಪರವಾನಾ, ಅಂದರೆ ಕಾಮಗಾರಿ ಆರಂಭಿಸಲು ಕೊಟ್ಟ ಪ್ರಮಾಣಪತ್ರ. ಜೋತೆ ತಪಾಸಣೆಯ ಪತ್ರ, ಅಂದರೆ ಪಾಯದ ಮಟ್ಟಕ್ಕೆ ಬಂದಾಗ ಅಧಿಕಾರಿಗಳು ನೋಡಿ ಕೊಟ್ಟದ್ದು. ಕೊನೆಯಲ್ಲಿ ಭೋಗವಟಾ ಪ್ರಮಾಣಪತ್ರ, ವಾಸಕ್ಕೆ ಯೋಗ್ಯ ಎಂಬುದು. ಕೊನೆಯದು ಇಲ್ಲದೆ ಮನೆ ಮಾರುವವರು ತುಂಬ. "ಅಪ್ಲೈ ಮಾಡಿದ್ದೇವೆ, ಬರುತ್ತದೆ" ಎಂಬುದು ಅವರ ಸಿದ್ಧ ಉತ್ತರ. ಬಂದ ಮೇಲೆ ಮಾತಾಡೋಣ ಎಂಬುದು ನಿಮ್ಮದಾಗಿರಲಿ.

ಆದೇಶದ ನಂಬರು ಮತ್ತು ತಾರೀಖು ಬರೆದುಕೊಂಡು ಕಚೇರಿಗೇ ಹೋಗಿ ಕೇಳಿ. ಬಾಯಿಮಾತಿಗೆ ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಗಡುವು 30 ದಿನ. ಅಷ್ಟು ದಿನ ಕಾಯಲು ಮಾರುವವರು ಒಪ್ಪದಿದ್ದರೆ ಅದೇ ಒಂದು ಉತ್ತರ.

ತೋಟದ ಮನೆಗೆ ಬೇರೆ ಲೆಕ್ಕ ಇದೆ. ನಗರಗಳ ಸುತ್ತಿನ ನಿಗದಿತ ಪ್ರದೇಶಗಳಲ್ಲಿ ಮಹಾರಾಷ್ಟ್ರ ಭೂಕಂದಾಯ ಸಂಹಿತೆಯ 41ನೇ ಕಲಂ ಪ್ರಕಾರ ಜಮೀನು 0.4 ಹೆಕ್ಟೇರ್‌ಗಿಂತ ಕಡಿಮೆ ಇದ್ದರೆ ಕೃಷಿ ಕಟ್ಟಡಕ್ಕೆ ಅನುಮತಿ ಇಲ್ಲ. ಅಷ್ಟೆಂದರೆ ಸುಮಾರು ಒಂದು ಎಕರೆ. ಅಲ್ಲಿಂದ 0.6 ಹೆಕ್ಟೇರ್‌ವರೆಗೆ ಪಾಯದ ವಿಸ್ತೀರ್ಣ 150 ಚದರ ಮೀಟರ್ ದಾಟಬಾರದು. ಅದಕ್ಕೂ ದೊಡ್ಡದಾದರೆ ಜಮೀನಿನ ನಲವತ್ತನೇ ಒಂದು ಭಾಗ ಅಥವಾ 400 ಚದರ ಮೀಟರ್, ಎರಡರಲ್ಲಿ ಕಡಿಮೆ ಯಾವುದೋ ಅದು. ಕೃಷಿ ಕಟ್ಟಡ ಎಂದರೆ ಸಲಕರಣೆ, ಗೊಬ್ಬರ, ಮೇವು ಇಡುವುದಕ್ಕೆ, ದನ ಕಟ್ಟುವುದಕ್ಕೆ, ಜಮೀನುದಾರನ ಮನೆಯವರು ಮತ್ತು ಆಳುಗಳು ಇರುವುದಕ್ಕೆ. ವಾರಾಂತ್ಯಕ್ಕೆ ಬಾಡಿಗೆ ಕೊಡುವ ವಿಲ್ಲಾ ಇದರಲ್ಲಿ ಬರುವುದಿಲ್ಲ. ಹಾಗಾಗಿ 11 ಗುಂಟೆಯಲ್ಲಿ ಎರಡು ಮಹಡಿಯ "ಫಾರ್ಮ್ ಹೌಸ್" ಕಂಡರೆ ಮೊದಲು ಬರಬೇಕಾದ ಪ್ರಶ್ನೆ, ಇದಕ್ಕೆ ಯಾರು, ಯಾವ ನಿಯಮದಡಿ ಅನುಮತಿ ಕೊಟ್ಟರು?

ಎನ್‌ಎ ಬಗ್ಗೆ ಎರಡು ಮಾತು. ಎನ್‌ಎ ಆಗಿದೆ ಎಂದರೆ ನೆಲವನ್ನು ಕೃಷಿಯೇತರ ಕೆಲಸಕ್ಕೆ ಬಳಸಬಹುದು ಎಂದರ್ಥ, ಮನೆಗೆ ಪರವಾನಗಿ ಸಿಕ್ಕಿದೆ ಎಂದಲ್ಲ. ಗಾವಠಾಣದ ಎಲ್ಲೆಯಿಂದ 200 ಮೀಟರ್ ಒಳಗಿನ, ಅಭಿವೃದ್ಧಿಗೆ ಬಿಟ್ಟ ವಲಯದ ಜಮೀನನ್ನು ಎನ್‌ಎ ಎಂದೇ ಪರಿಗಣಿಸುವ ಕಲಂ ಇದೆ. ಅಲ್ಲೂ ಕಟ್ಟಲು ಪರವಾನಗಿ ಬೇರೆ ತೆಗೆಯಬೇಕು. ಎನ್‌ಎ ಲೇಔಟ್ ಎಂದು ಮಾರುತ್ತಿದ್ದರೆ ಮಹಾರೇರಾ, ಅಂದರೆ ರಾಜ್ಯದ ರಿಯಲ್ ಎಸ್ಟೇಟ್ ಪ್ರಾಧಿಕಾರದ, ನಂಬರ್ ಕೇಳಿ. ನೆಲ 500 ಚದರ ಮೀಟರ್ ದಾಟಿದ, 8ಕ್ಕಿಂತ ಹೆಚ್ಚು ಪ್ಲಾಟಿನ ಯೋಜನೆಗೆ ನೋಂದಣಿ ಕಡ್ಡಾಯ.

"ಗುಂಠೇವಾರಿಯಲ್ಲಿ ರೆಗ್ಯುಲರೈಸ್ ಆಗುತ್ತೆ" ಎಂಬ ಮಾತೂ ಕೇಳಿಬರುತ್ತದೆ. ಇದು ನಮ್ಮ ಅಕ್ರಮ-ಸಕ್ರಮದ ಮರಾಠಿ ದಾಯಾದಿ. ಆಗಿದ್ದರೆ ಆದೇಶ ತೋರಿಸಲಿ. ಆಗುತ್ತೆ ಎನ್ನುವುದಕ್ಕೆ ದುಡ್ಡು ಕೊಡಬೇಡಿ.

ಐದನೆಯದು: ಟೇಪು ಹಿಡಿದು ಸ್ಥಳಕ್ಕೆ ಹೋಗಿ

ಮಂಜೂರಾದ ನಕ್ಷೆಯ ಪ್ರತಿ ಕೈಯಲ್ಲಿರಲಿ. ಜತೆಗೆ ಒಬ್ಬ ಎಂಜಿನಿಯರ್ ಅಥವಾ ಆರ್ಕಿಟೆಕ್ಟ್ ಇರಲಿ. ನಕ್ಷೆಯಲ್ಲಿ ನೆಲಮಹಡಿ ಮಾತ್ರ ಇದ್ದು ಸ್ಥಳದಲ್ಲಿ ಮೇಲೊಂದು ಮಹಡಿ ಇದೆಯೇ? ವರಾಂಡಾ ಮುಚ್ಚಿ ರೂಮು ಮಾಡಿದ್ದಾರೆಯೇ? ಈಜುಕೊಳ, ಆಳಿನ ಮನೆ, ತಗಡಿನ ಶೆಡ್ಡು ನಕ್ಷೆಯಲ್ಲಿ ಇವೆಯೇ? ಬದಿಯಲ್ಲಿ ಬಿಡಬೇಕಾದ ಜಾಗ ಬಿಟ್ಟಿದ್ದಾರೆಯೇ? ಒಂದು ಸುಲಭದ ಉಪಾಯ ಇದೆ. ಗೂಗಲ್ ಅರ್ಥ್‌ನಲ್ಲಿ ಹಿಂದಿನ ವರ್ಷಗಳ ಚಿತ್ರ ನೋಡಬಹುದು. ಪರವಾನಗಿ 2022ರದ್ದು, ಚಾವಣಿ 2019ರ ಚಿತ್ರದಲ್ಲೇ ಕಾಣುತ್ತಿದೆ ಎಂದರೆ ಕಥೆ ಗೊತ್ತಾಯಿತಲ್ಲ.

ಗಡಿಗೆ ಸರಕಾರಿ ಮೋಜಣಿ ಮಾಡಿಸಿ. ನಮ್ಮ ಕಡೆ ಹದ್ದುಬಸ್ತು ಎನ್ನುತ್ತೇವಲ್ಲ, ಅದೇ. ತಾಲೂಕಿನ ಭೂಮಿ ಅಭಿಲೇಖ ಕಚೇರಿಗೆ ಅರ್ಜಿ ಹಾಕಬೇಕಾದವರು ಖಾತೆದಾರರು, ಅಂದರೆ ಮಾರುವವರು. ಪಕ್ಕದ ಹೊಲದವರಿಗೆ ನೋಟಿಸು ಹೋಗುತ್ತದೆ. ಮೋಜಣಿ ದಿನ ನೀವೂ ಅಲ್ಲಿರಿ. ಪಕ್ಕದವರು ಜಗಳ ತೆಗೆಯುವುದಿದ್ದರೆ ಅವತ್ತೇ ತೆಗೆಯುತ್ತಾರೆ. ಕೊಳ್ಳುವ ಮೊದಲೇ ಆ ಜಗಳ ನೋಡಿಬಿಡುವುದು ಒಳ್ಳೆಯದು. ಮನೆಯ ಮೂಲೆ ಪಕ್ಕದ ಗಟ್‌ನಲ್ಲಿ ಕೂತಿರುವುದೂ ಅವತ್ತೇ ಗೊತ್ತಾಗುತ್ತದೆ.

ನೀರಿನ ಹತ್ತಿರ ಇದ್ದರೆ ಇನ್ನೂ ಎಚ್ಚರ. ನದಿಗಳಿಗೆ ಜಲಸಂಪನ್ಮೂಲ ಇಲಾಖೆ ಎರಡು ಪೂರರೇಖೆ ಗುರುತಿಸುತ್ತದೆ. ನೀಲಿ ರೇಖೆ 25 ವರ್ಷಕ್ಕೊಮ್ಮೆ ಬರುವ ಪ್ರವಾಹದ ಮಟ್ಟ, ಕೆಂಪು ರೇಖೆ 100 ವರ್ಷದ್ದು. ನೀಲಿ ರೇಖೆಯೊಳಗೆ ಮನೆ ಕಟ್ಟುವಂತಿಲ್ಲ. 2025ರ ಮೇ ತಿಂಗಳಲ್ಲಿ ಚಿಖಲಿಯಲ್ಲಿ ಇಂದ್ರಾಯಣಿಯ ನೀಲಿ ರೇಖೆಯೊಳಗಿದ್ದ 36 ಬಂಗಲೆಗಳನ್ನು ಪಿಂಪ್ರಿ-ಚಿಂಚ್‌ವಡ್ ಪಾಲಿಕೆ ನೆಲಸಮ ಮಾಡಿತು. ಆದೇಶ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯದು, ಸುಪ್ರೀಂ ಕೋರ್ಟ್‌ನಲ್ಲೂ ಅದೇ ನಿಂತಿತು. ಪೂರ್ತಿ ಬೆಲೆ ಕೊಟ್ಟು ವಾಸಕ್ಕೆ ಬಂದಿದ್ದ ಸಂಸಾರಗಳು ಬೀದಿಗೆ ಬಂದವು.

ಖಡಕ್‌ವಾಸ್ಲಾ, ಪಾನಶೇತ್, ಪವನಾ ಹಿನ್ನೀರಿನ ಅಂಚಿನ ಜಮೀನಾದರೆ ಇಲಾಖೆ ಸ್ವಾಧೀನ ಮಾಡಿಕೊಂಡ ನೆಲದ ಗಡಿ ಎಲ್ಲಿ ಎಂದು ಕೇಳಿ. ಬೇಸಿಗೆಯಲ್ಲಿ ನೀರು ಇಳಿದಾಗ ಹೊಲ ದೊಡ್ಡದಾಗಿ ಕಾಣುತ್ತದೆ. ಒಮ್ಮೆ ಜುಲೈ, ಆಗಸ್ಟ್‌ನಲ್ಲೂ ಹೋಗಿ ನೋಡಿ. ಗುಡ್ಡದ ಜಾಗವಾದರೆ ಇಳಿಜಾರು ಅಳೆಸಿ. 1:5ಕ್ಕಿಂತ ಕಡಿದಾದ ಇಳಿಜಾರಿನಲ್ಲಿ, ಅಂದರೆ ಐದು ಮೀಟರಿಗೆ ಒಂದು ಮೀಟರ್‌ಗಿಂತ ಜಾಸ್ತಿ ಏರಿದರೆ, ಕಟ್ಟಡಕ್ಕೆ ಅವಕಾಶ ಇಲ್ಲ. ಪಶ್ಚಿಮ ಘಟ್ಟದ ಸೂಕ್ಷ್ಮ ವಲಯದ ಕರಡು ಅಧಿಸೂಚನೆ 2024ರ ಜುಲೈ 31ರಂದು ಮತ್ತೆ ಬಂದಿದೆ. ಒಂದು ಸಾಧಾರಣ ಮನೆಗೆ ಅದು ನೇರ ಅಡ್ಡಿ ಅಲ್ಲ. ಆದರೆ "ಮುಂದಿನ ವರ್ಷ ಪಕ್ಕದಲ್ಲೇ ಟೌನ್‌ಶಿಪ್ ಬರುತ್ತದೆ" ಎಂಬ ಆಸೆ ತೋರಿಸಿ ದರ ಏರಿಸಿದ್ದರೆ ಆ ಹಳ್ಳಿ ಕರಡಿನ ಪಟ್ಟಿಯಲ್ಲಿದೆಯೇ ಎಂದು ನೋಡಿ.

ಆರನೆಯದು: ದಾರಿ, ಕರೆಂಟು

ಕಾರು ಹೋಗುತ್ತಿದೆ ಎಂದರೆ ದಾರಿ ಇದೆ ಎಂದಲ್ಲ. ಇನ್ನೊಬ್ಬರ ಹೊಲದ ಮೇಲೆ ಹೋಗುತ್ತಿರಬಹುದು. ಅವರು ಸುಮ್ನೆ ಒಂದು ಬೇಲಿ ಹಾಕಿದರೆ ಮುಗಿಯಿತು. ಹಳ್ಳಿಯ ನಕ್ಷೆಯಲ್ಲಿ ಪಾಣಂದ್ ರಸ್ತೆ (ಹೊಲಗಳಿಗೆ ಹೋಗುವ ದಾರಿ) ಅಥವಾ ಶಿವ ರಸ್ತೆ (ಊರ ಗಡಿಯ ದಾರಿ) ಇದೆಯೇ ನೋಡಿ, ಇಲ್ಲದಿದ್ದರೆ ದಾರಿಯ ಹಕ್ಕು ಕೊಟ್ಟ ನೋಂದಾಯಿತ ಪತ್ರ ಕೇಳಿ. ದಾರಿ ಇಲ್ಲದ ಜಮೀನಿಗೆ ಕಟ್ಟಡ ಪರವಾನಗಿ ಸಿಗುವುದು ಕಷ್ಟ.

ಕರೆಂಟು ಕೃಷಿ ಪಂಪಿನ ಕನೆಕ್ಷನ್‌ನಿಂದ ಬಂಗಲೆಗೆ ಎಳೆದಿದ್ದರೆ ಅದು ಅನಧಿಕೃತ ಬಳಕೆ. 2003ರ ವಿದ್ಯುತ್ ಕಾಯ್ದೆಯ 126ನೇ ಕಲಂ ಪ್ರಕಾರ ದಂಡದ ಬಿಲ್ಲು ಬರುತ್ತದೆ. ಮೀಟರು ಯಾವ ವರ್ಗದ್ದು ಎಂದು ಬಿಲ್ಲಿನಲ್ಲೇ ಇರುತ್ತದೆ.

ಏಳನೆಯದು: ಸಾಟೇಖತ್‌ನಲ್ಲಿ ಏನು ಬರೆಸಬೇಕು

ಎಲ್ಲ ಸರಿ ಇದ್ದರೆ ಮೊದಲು ಮರಾಠಿ ಪತ್ರಿಕೆಯಲ್ಲಿ ವಕೀಲರ ಮೂಲಕ ಜಾಹೀರು ನೋಟಿಸು ಕೊಡಿ. ಅಕ್ಕ, ತಂಗಿಯರ ಪಾಲು ಬಿಟ್ಟುಹೋಗಿದ್ದರೆ ಆಗ ಯಾರಾದರೂ ಬಾಯಿ ಬಿಡುತ್ತಾರೆ. ಸಾಟೇಖತ್‌ನಲ್ಲಿ, ಅಂದರೆ ಮಾರಾಟದ ಕರಾರಿನಲ್ಲಿ, ಪರವಾನಗಿಯ ನಂಬರು, ತಾರೀಖು, ಮಂಜೂರಾದ ಚದರ ಮೀಟರ್ ಎಲ್ಲ ಬರೆಸಿ. ಪರವಾನಗಿ ಸುಳ್ಳೆಂದು ಗೊತ್ತಾದರೆ ಮುಂಗಡ ವಾಪಸು, ಹಿಂದಿನ ಅವಧಿಯ ದಂಡ ಮತ್ತು ಬಾಕಿ ಮಾರುವವರದೇ ಎಂದೂ ಬರೆಸಿ. ಭೋಗವಟಾ ಪ್ರಮಾಣಪತ್ರ ಬಾಕಿ ಇದ್ದರೆ ಅದು ಬರುವ ತನಕ ದೊಡ್ಡ ಮೊತ್ತವನ್ನು ತಡೆಹಿಡಿಯಿರಿ.

ಮನೆಗೆ ಪರವಾನಗಿ ಇಲ್ಲ, ಆದರೆ ನೆಲದ ಕಾಗದ ಚೊಕ್ಕವಾಗಿದೆ ಎಂದಾದರೆ? ಆಗ ನೆಲದ ಬೆಲೆ ಮಾತ್ರ ಮಾತಾಡಿ, ಅದರಲ್ಲೂ ಕೆಡವುವ ಖರ್ಚು ಕಳೆದು. ಒಪ್ಪುವವರು ಅಪರೂಪ. ಮಾರುವವರ ಖರ್ಚಿನಲ್ಲೇ ಮೊದಲು ಸಕ್ರಮ ಮಾಡಿಸಿಕೊಂಡು ಬರಲಿ ಎಂದು ಹೇಳಿ ಎದ್ದು ಬರುವುದೂ ಒಂದು ದಾರಿ.

ಖರೇದಿಖತ್, ಅಂದರೆ ಕ್ರಯಪತ್ರ, ನೋಂದಣಿ ಆದ ಮೇಲೆ ಫೇರ್‌ಫಾರ್ ಆಗಬೇಕು. ತಲಾಠಿಗೆ, ಅಂದರೆ ನಮ್ಮ ಗ್ರಾಮ ಲೆಕ್ಕಿಗರಂಥವರಿಗೆ, ಈಗ ಗ್ರಾಮ ಮಹಸೂಲ್ ಅಧಿಕಾರಿ ಎಂಬ ಹೊಸ ಹೆಸರು ಬಂದಿದೆ, ಹಳ್ಳಿಯಲ್ಲಿ ಇನ್ನೂ ತಲಾಠಿಯೇ. ಅವರು ನೋಟಿಸು ಹೊರಡಿಸಿ 15 ದಿನ ಆಕ್ಷೇಪಣೆಗೆ ಕಾಯುತ್ತಾರೆ, ಆಮೇಲೆ ಮಂಡಲ ಅಧಿಕಾರಿ ಪ್ರಮಾಣೀಕರಿಸುತ್ತಾರೆ. ನಿಮ್ಮ ಹೆಸರಿನ ಹೊಸ ಸಾತ್‌ಬಾರಾ ತೆಗೆದು ಇತರ ಅಧಿಕಾರದ ಕಾಲಂ ಇನ್ನೊಮ್ಮೆ ಓದಿ, ಘರ್‌ಪಟ್ಟಿ ಮತ್ತು ಮೀಟರಿನ ಹೆಸರು ಬದಲಾಯಿಸಲು ಅದೇ ವಾರ ಅರ್ಜಿ ಹಾಕಿ.